ಸಾಕು ಎಂದರೆ ಹಾಕು

ನಮ್ಮ ಮನೆಗೆ ಊಟಕ್ಕೆ ಬಂದವರು ಗೋಡೆ ಹಿಡಿದುಕೊಂಡು ಏಳಬೇಕಾಗುತ್ತದೆ ಎಂಬ ಮಾತು ನಮ್ಮ ಓಣಿಯಲ್ಲಿ ಬಹಳ ದಿನಗಳಿಂದ ಇದೆ. ಬೆಳಗಾವಿಯಲ್ಲಿ ಸಂಸಾರ ಹೂಡಿದಾಗಿನಿಂದ ಇದನ್ನು ನನ್ನ ಕೈರುಚಿಗೆ ಸಂದ ಹೊಗಳಿಕೆ ಎಂದೇ ತಿಳಿದು ಒಳಗೊಳಗೆ ಹಿಗ್ಗುತ್ತಿದ್ದೆ. 2004ರಲ್ಲಿ ಮಗಳ ಮದುವೆಯಾಗಿ ಅಳಿಯ ಮೊದಲ ದೀಪಾವಳಿಗೆ ಬಂದ. ನಾನು ಹೋಳಿಗೆ ಬಡಿಸುತ್ತ ಹೋದೆ, ಅವನು ತಿನ್ನುತ್ತ ಹೋದ. ಒಂಬತ್ತನೆಯ ಹೋಳಿಗೆಯ ಹೊತ್ತಿಗೆ ಅವನ ಹಣೆಯ ಮೇಲೆ ಬೆವರು ಮೂಡಿತ್ತು. "ಇಷ್ಟು ಪ್ರೀತಿಯಿಂದ ಉಣ್ಣೋ ಅಳಿಯಾ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು" ಎಂದು ರಾತ್ರಿ ಮಗಳ ಮುಂದೆ ಹೇಳಿದೆ. ಅವಳು ಹಣೆ ಬಡಿದುಕೊಂಡಳು.

"ಅವ್ವಾ, ಅವರು ಮೂರನೇ ಹೋಳಿಗಿಯಿಂದ ಸಾಕ್ರಿ ಅತ್ತಿ, ಸಾಕ್ರಿ ಅತ್ತಿ ಅಂತ ಒದರಾಕತ್ತಿದ್ರು. ನೀ ಕೇಳದವರಂಗ ಮಾಡಿ ನೀಡಕೋತ ಹೋದಿ."

ನಾನು ಕೇಳದವಳ ಹಾಗೆ ಮಾಡಿರಲಿಲ್ಲ. ಕೇಳಿಯೇ ನೀಡಿದ್ದೆ. ನನಗೆ ಕೇಳಿಸಿದ್ದು "ಹಾಕ್ರಿ ಅತ್ತಿ, ಹಾಕ್ರಿ ಅತ್ತಿ" ಎಂದು. ಪಾಪ, ಹಿರಿಯರ ಮಾತು ಮೀರಬಾರದೆಂದು ಅವನು ನುಂಗಿದ್ದ. ಈಗಲೂ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಅಳಿಯ ಬಾಯಿಂದ ಏನೂ ಹೇಳುವುದಿಲ್ಲ. ತಾಟಿನ ಮೇಲೆ ಎರಡೂ ಕೈ ಮುಚ್ಚಿ ಕೂರುತ್ತಾನೆ.

ನನ್ನ ಕಿವಿಯಲ್ಲಿ ಏನೋ ಕೊರತೆ ಇದೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದು ಹೆಂಗಸರಿಗೆ ಹೇಳಿಕೊಡಬೇಕಾದ ವಿದ್ಯೆಯೇನಲ್ಲ. ಕೊನೆಗೆ 2012ರಲ್ಲಿ ಮಗಳೇ ಕೈಹಿಡಿದು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರೂ ಹೆಣ್ಣುಮಗಳೇ, ನನ್ನ ಮಗಳ ವಯಸ್ಸಿನವಳು. ಗಾಜಿನ ಗೂಡಿನೊಳಗೆ ಕೂರಿಸಿ, ಕಿವಿಗೆ ಯಂತ್ರ ಹಚ್ಚಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಆಮೇಲೆ ಒಂದು ಗೆರೆಯ ಚಿತ್ರ ಬಂತು. ಅದನ್ನು ನೋಡಿ ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಳಕಲ್ಲ ಸೀರೆ, ತಲೆಯ ಮೇಲೆ ಸೆರಗು, ಮುಡಿಯಲ್ಲಿ ಅಬ್ಬಲಿಗೆ.

"ಅಮ್ಮಾರ, ನೀವು ಯಾವಾಗರೆ ಬಂದೂಕು ಹಾರಿಸಿದ್ರೇನು?"

ನನ್ನ ಮಗಳು ಗೊಳ್ಳೆಂದು ನಕ್ಕಳು. ನಾನು ನಗಲಿಲ್ಲ. ಮೂವತ್ತೈದು ವರ್ಷ ಗಂಡನಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿಯನ್ನು ಒಂದು ಕಾಗದದ ಗೆರೆ ಬಾಯಿಬಿಟ್ಟು ಹೇಳಿಬಿಟ್ಟಿತ್ತು. ವಯಸ್ಸಿನಿಂದ ಬರುವ ಕಿವುಡು ಇಳಿಜಾರಿನ ಹಾಗೆ ಇಳಿದುಕೊಂಡೇ ಹೋಗುತ್ತದಂತೆ. ನನ್ನ ಗೆರೆ ನೆಟ್ಟಗೆ ಬಂದು, 4000 ಹರ್ಟ್ಜ್‌ನ ಹತ್ತಿರ ತಗ್ಗಿಗೆ ಬಿದ್ದು, ಮತ್ತೆ ಸ್ವಲ್ಪ ಮೇಲಕ್ಕೆ ಎದ್ದಿತ್ತು. ದೊಡ್ಡ ಸದ್ದಿಗೆ ಸಿಕ್ಕ ಕಿವಿಯ ಗುರುತು ಆ ತಗ್ಗು. ಬಲಗಿವಿಗಿಂತ ಎಡಗಿವಿಯಲ್ಲಿ ಅದು ಆಳವಾಗಿತ್ತು. ಬಲಗೈಯವರು ಬಂದೂಕನ್ನು ಬಲ ಹೆಗಲಿಗೆ ಕೊಟ್ಟು ಕೆನ್ನೆ ಒತ್ತಿದಾಗ ಎಡಗಿವಿ ನಳಿಕೆಯ ಬಾಯಿಯ ಕಡೆಗೆ ತಿರುಗಿರುತ್ತದೆ. ಬಲಗಿವಿಗೆ ತಲೆಯೇ ಮರೆಯಾಗುತ್ತದೆ. ಸ, ಶ, ಚ ಇಂಥ ಅಕ್ಷರಗಳ ಸದ್ದು ಮೇಲಿನ ಶ್ರುತಿಯದು; ಆ ತಗ್ಗಿನಲ್ಲಿ ಮೊದಲು ಬಿದ್ದು ಕಳೆದುಹೋಗುವವು ಅವೇ. ಹಾಗೆ ನಮ್ಮ ಅಳಿಯನ "ಸಾಕು" ಒಂಬತ್ತು ಹೋಳಿಗೆಯಾಯಿತು.

1977ರ ಡಿಸೆಂಬರಿನಲ್ಲಿ ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಹತ್ತು ದಿನದ ಒಂದು ಶಿಬಿರ. ಯಾರು ನಡೆಸಿದ್ದು, ಎಲ್ಲಿ ಎಂಬುದು ಇಲ್ಲಿ ಬೇಡ. ತಪ್ಪು ನನ್ನದೇ ಇತ್ತು. ಹುಡುಗಿಯರಿಗೆ ಗುರಿ ಹೊಡೆಯಲು ಕಲಿಸುತ್ತಾರೆ ಎಂದು ಕೇಳಿದ ಅವ್ವ, ದೇವರ ಮನೆಯಿಂದ ಹೂಬತ್ತಿ ಹೊಸೆಯುವ ಅರಳೆಯನ್ನು ಒಂದು ಹಿಡಿ ತಂದು ನನ್ನ ಟ್ರಂಕಿನಲ್ಲಿಟ್ಟಳು. "ಕಿವ್ಯಾಗ ಇಟ್ಕೋ. ಮರೀಬ್ಯಾಡ" ಎಂದಳು. ಮತ್ತೇನೂ ಹೇಳಲಿಲ್ಲ.

ಮೊದಲ ದಿನಗಳಲ್ಲಿ .22 ರೈಫಲ್. ಕೊನೆಯ ದಿನ ದೊಡ್ಡ ಬಂದೂಕು, ತಲೆಗೆ ಐದು ಗುಂಡು. ನನ್ನ ಕಷ್ಟವೇನೆಂದರೆ ಚಾಳೀಸು. ಹದಿನಾಲ್ಕನೆಯ ವಯಸ್ಸಿನಿಂದ ನನಗೆ ಚಾಳೀಸು ಇದೆ. ಆಗಿನದು ದಪ್ಪ ಕರಿಯ ಚೌಕಟ್ಟು, ಭಾರದ ಗಾಜು. ಬೋರಲು ಮಲಗಿ ತಲೆಯೆತ್ತಿ ಗುರಿ ಹಿಡಿದರೆ ಅದು ಮೂಗಿನ ಮೇಲಿಂದ ಜಾರಿ, ಚೌಕಟ್ಟಿನ ಮೇಲಂಚು ಗುರಿಗೆ ಅಡ್ಡ ಬರುತ್ತಿತ್ತು. ಜಡೆಯ ರಿಬ್ಬನ್ನು ಬಿಚ್ಚಿ ಚಾಳೀಸಿನ ಎರಡೂ ಕಡ್ಡಿಗಳಿಗೆ ಗಂಟು ಹಾಕಿ ತಲೆಯ ಹಿಂದೆ ಬಿಗಿದೆ. ಕಡ್ಡಿ ಬಿಗಿಯಾದಂತೆ ಕಿವಿಯಲ್ಲಿಟ್ಟ ಅರಳೆಯ ಉಂಡೆ ಹೊರಗೆ ಬಂತು. ಮತ್ತೆ ತುರುಕಿದೆ, ಮತ್ತೆ ಬಂತು. ಅರಳೆ ಇಟ್ಟರೆ ಉಸ್ತಾದರ ಆಜ್ಞೆಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹಿಂದೆ ನಿಂತವರು ನಗತೊಡಗಿದರು. ಕಣ್ಣು ಮುಖ್ಯ, ಕಿವಿ ಎಲ್ಲಿ ಹೋಗುತ್ತದೆ ಎಂದುಕೊಂಡು ಅರಳೆಯನ್ನು ಕಿತ್ತು ಜೇಬಿಗೆ ಹಾಕಿದೆ.

ಐದು ಗುಂಡು. ಮೊದಲನೆಯದಕ್ಕೇ ತಲೆಯೊಳಗೆ ಯಾರೋ ತಾಮ್ರದ ಹಂಡೆಯನ್ನು ಕಲ್ಲಿನ ಮೇಲೆ ಕೆಡವಿದ ಹಾಗಾಯಿತು. ಉಳಿದ ನಾಲ್ಕನ್ನು ಸಿಟ್ಟಿನಿಂದ ಹೊಡೆದೆ. ನನ್ನ ಬಂದೂಕಿನಿಂದ ಹಾರಿದ ಕಾದ ಖಾಲಿ ಕಾಡತೂಸು ಬಲಗಡೆ ಮಲಗಿದ್ದ ಹುಡುಗಿಯ ಹುಬ್ಬಿನ ಮೇಲೆ ಹೋಗಿ ಕೂತಿತು. ಅವಳು ಚಿಟ್ಟನೆ ಚೀರಿದಳು. ಅಕ್ಕಿಕಾಳಿನಷ್ಟು ಸುಟ್ಟಿತ್ತು. ಎಲ್ಲರೂ ಅವಳ ಸುತ್ತ ನೆರೆದರು. ಒಂದು ಬೆರಳಿನಷ್ಟು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತಲ್ಲ ಎಂದು ಎಲ್ಲರೂ ಎದೆ ಹಿಡಿದುಕೊಂಡರು. ನಿಜವೇ. ಗುಂಡು ಗುರಿಗೆ ಹೋಗುವುದನ್ನು ಮಾತ್ರ ನಾವು ಯೋಚಿಸುತ್ತೇವೆ; ಹಿಂದಕ್ಕೆ ಬರುವ ಕಾದ ಹಿತ್ತಾಳೆ, ಕಾಡತೂಸು ಬಿರಿದರೆ ನುಗ್ಗುವ ಬಿಸಿ ಗಾಳಿ, ಸಿಡಿದ ಸೀಸದ ಚೂರು ಇವೆಲ್ಲ ಹೊಡೆಯುವವರ ಮುಖಕ್ಕೇ. ನನಗೇನು, ಚಾಳೀಸು ಇತ್ತಲ್ಲ ಎಂದು ಆಗ ಸಮಾಧಾನಪಟ್ಟಿದ್ದೆ. ಅದು ಗಾಜು. ಒಡೆದಿದ್ದರೆ ಕಣ್ಣಿಗೆ ಕಾವಲಾಗುವ ಬದಲು ಅದೇ ಕಣ್ಣಿಗೆ ಚೂರಿಯಾಗುತ್ತಿತ್ತು.

ಅವಳ ಹುಬ್ಬು ಎಲ್ಲರಿಗೂ ಕಂಡಿತು. ನನ್ನ ಕಿವಿ ಯಾರಿಗೂ ಕಾಣಲಿಲ್ಲ. ಆ ರಾತ್ರಿ ಊಟದ ಸಾಲಿನಲ್ಲಿ ಎಲ್ಲರ ಮಾತೂ ಬಾವಿಯ ತಳದಿಂದ ಬಂದ ಹಾಗಿತ್ತು. ಎರಡು ದಿನಕ್ಕೆ ಮಾತು ಮೇಲಕ್ಕೆ ಬಂತು, ವಾಸಿಯಾಯಿತೆಂದುಕೊಂಡೆ. ಆದರೆ ಎಡಗಿವಿಯಲ್ಲಿ ಒಂದು ಜೀರುಂಡೆ ಉಳಿದುಕೊಂಡಿತು. ಇಂದಿಗೂ ಇದೆ. ಮೊದಮೊದಲು ರಾತ್ರಿ ಎದ್ದು ಕಿಟಕಿ ಮುಚ್ಚಿ ಬರುತ್ತಿದ್ದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆಯಂತೆ, ಅದರೊಳಗೆ ಕೂದಲೆಳೆ ಹೊತ್ತ ಸಣ್ಣ ಸಣ್ಣ ಜೀವಕೋಶಗಳು, ಒಂದು ಕಿವಿಗೆ ಸುಮಾರು 15 ಸಾವಿರ. ಸತ್ತವು ಸತ್ತವೇ, ಮತ್ತೆ ಹುಟ್ಟುವುದಿಲ್ಲ. ಡಾಕ್ಟರು ಇದನ್ನು ಹೇಳಿದಾಗ ನನಗೆ ಗದ್ದೆಯಲ್ಲಿ ಆನೆ ನಡೆದು ಮಲಗಿಸಿದ ಭತ್ತ ನೆನಪಾಯಿತು. ಖಾನಾಪುರದ ಕಾಡಂಚಿನವರಿಗೆ ಬೇರೆ ಹೋಲಿಕೆ ಬೇಕಿಲ್ಲ.

ನನ್ನ ತವರು ಖಾನಾಪುರ. ಅಪ್ಪ ಫೌಜಿನಲ್ಲಿ ಹದಿನೆಂಟು ವರ್ಷ ಕಳೆದು ಬಂದು ಅಲ್ಲಿ ಹಂಚಿನ ಕಾರ್ಖಾನೆಯೊಂದರ ಬಾಗಿಲು ಕಾಯುವ ಕೆಲಸಕ್ಕಿದ್ದ. ಖಾನಾಪುರದ ಕೆಂಪು ಮಣ್ಣು, ಅದರ ಹಂಚು, ಅದರ ಗಡಿಗೆ ಬೆಳಗಾವಿ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ! ಅಪ್ಪನ ಕಿವಿ ಮಂದ. ಕಾರ್ಖಾನೆಯ ಸೈರನ್ನು ಕೇಳುತ್ತಿತ್ತು. ಅವ್ವನ ಮಾತು ಕೇಳುತ್ತಿರಲಿಲ್ಲ. ಗಂಡಸರೆಲ್ಲ ಹಾಗೇ ಎಂದು ನೆರೆಯ ಹೆಂಗಸರು ನಗುತ್ತಿದ್ದರು. ಅವ್ವ ಎಲ್ಲಿ ಕೂತರೂ ಅಪ್ಪನ ಬಲಗಡೆಗೇ ಕೂರುತ್ತಿದ್ದಳು, ಬಂಡಿಯಲ್ಲಿ, ಜಾತ್ರೆಯಲ್ಲಿ, ಮಲಪ್ರಭೆಯ ದಂಡೆಯ ಕಲ್ಲಿನ ಮೇಲೆ. ಹೆಂಡತಿಯಾದವಳು ಎಡಕ್ಕಿರಬೇಕು ಎಂದು ನನ್ನ ಸೋದರತ್ತೆ ಬೈದರೂ ಬಲಕ್ಕೇ. ಬೆಳಗಾವಿಯ ಸ್ಟುಡಿಯೊದಲ್ಲಿ ತೆಗೆಸಿದ ಒಂದೇ ಒಂದು ಫೋಟೋದಲ್ಲಿ ಮಾತ್ರ ಆಕೆ ಎಡಕ್ಕಿದ್ದಾಳೆ. ಫೋಟೋದವನು ಹಟ ಮಾಡಿ ನಿಲ್ಲಿಸಿದ್ದ. ಅದರಲ್ಲಿ ಅವ್ವ ಏನೋ ಹೇಳಲು ಬಾಯಿ ತೆರೆದಿದ್ದಾಳೆ, ಅಪ್ಪ ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದಾನೆ.

ಇದೆಲ್ಲದರ ಅರ್ಥ ನನಗೆ ಆದದ್ದು 1979ರಲ್ಲಿ. ನನ್ನನ್ನು ನೋಡಲು ಧಾರವಾಡದ ಕಡೆಯವರು ಬಂದಿದ್ದರು. ಹುಡುಗನ ತಾಯಿ ನನ್ನ ಎಡಗಡೆ ಕೂತು ಮೆತ್ತಗೆ ಏನೋ ಕೇಳಿದಳು. ಹಾಡು ಬರುತ್ತದೇನು ಎಂದು ಕೇಳಿದ್ದಳಂತೆ. ನಾನು ನೆಲ ನೋಡುತ್ತ ಸುಮ್ಮನೆ ಕೂತೆ. ಎರಡನೆಯ ಸಲ ಕೇಳಿದಳಂತೆ, ಆಗಲೂ ಸುಮ್ಮನೆ ಕೂತೆ. ಹೋದವರು ಹೇಳಿ ಕಳಿಸಿದರು: ಹುಡುಗಿಗೆ ಕಾಲೇಜು ಕಲಿತ ಸೊಕ್ಕು ಬಹಳ. ಅಪ್ಪ ಸಿಟ್ಟಾದ. ಅವ್ವ ಮಾತಾಡಲಿಲ್ಲ. ಎರಡು ತಿಂಗಳಿಗೆ ಬೆಳಗಾವಿಯವರು ಬಂದಾಗ ಅವ್ವ ಬೆಳಿಗ್ಗೆಯೇ ಪಡಸಾಲೆಯ ಜಮಖಾನೆಯನ್ನು ಎಳೆದು ತಿರುಗಿಸಿ ಹಾಸಿದಳು. ನನ್ನ ಮಣೆಯನ್ನು ಮೂಲೆಗೆ ಸರಿಸಿ, ಎಡಭುಜ ಗೋಡೆಗೆ ತಾಗುವ ಹಾಗೆ ಇಟ್ಟಳು. ಕೇಳುವವರೆಲ್ಲ ಬಲಗಡೆಯಿಂದಲೇ ಕೇಳಬೇಕಾಯಿತು. ಮದುವೆ ಗೊತ್ತಾಯಿತು. ಶಿಬಿರದ ವಿಷಯ ನಾನು ಆಕೆಗೆ ಹೇಳಿರಲಿಲ್ಲ, ಆಕೆ ಕೇಳಿರಲಿಲ್ಲ. ಕಿವುಡನ ಜೊತೆ ಇಪ್ಪತ್ತೈದು ವರ್ಷ ಬಾಳಿದವಳು, ಮಗಳು ತಲೆ ಯಾವ ಕಡೆಗೆ ಹೊರಳಿಸುತ್ತಾಳೆಂದು ನೋಡಿದರೆ ಸಾಕಾಗಿತ್ತು.

1994ರಲ್ಲಿ ಅಪ್ಪ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದ. ಮಂಚವನ್ನು ಗೋಡೆಗೆ ಹಚ್ಚಿ ಹಾಕಿದ್ದರು, ಬಲಗಡೆಗೇ ಗೋಡೆ. ಕುರ್ಚಿ ಎಡಗಡೆ. ಎರಡು ದಿನ ಅವ್ವ ಆ ಕುರ್ಚಿಯ ಮೇಲೆ ಕೂತಳು, ಎದ್ದಳು, ಕೂತಳು. ಮೂರನೆಯ ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿ "ಒಂದೀಟು ಕೈ ಹಚ್ಚು" ಎಂದಳು. ಇಬ್ಬರೂ ಸೇರಿ ಕಬ್ಬಿಣದ ಮಂಚವನ್ನು ಗೋಡೆಯಿಂದ ಒಂದು ಮೊಳ ಎಳೆದೆವು. ಕಿರ್ರೆಂದ ಸದ್ದಿಗೆ ನರ್ಸಮ್ಮ ಓಡಿಬಂದು ಬೈದಳು. ಅವ್ವ ಅಷ್ಟರಲ್ಲಿ ಆ ಸಂದಿಯೊಳಗೆ ಅಡ್ಡಡ್ಡ ನುಸುಳಿ ನಿಂತು, ಅಪ್ಪನ ಬಲಗಿವಿಗೆ ಬಾಗಿ ಏನೋ ಹೇಳತೊಡಗಿದ್ದಳು. ಬಹಳ ಹೊತ್ತು ಹೇಳಿದಳು. ಅಪ್ಪ ಒಂದು ಸಲ ತಲೆ ಹಾಕಿದ. ಏನು ಹೇಳಿದಳೋ ನನಗೆ ಗೊತ್ತಿಲ್ಲ. ನಾನು ಕಾಲ ಕಡೆ ನಿಂತಿದ್ದೆ, ಎಡಗಿವಿ ಅವರ ಕಡೆಗಿತ್ತು.

ಬೆಳಗಾವಿ ದಂಡಿನ ಊರು. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ 1922ರಿಂದ ಇಲ್ಲಿದೆ. ಕ್ಯಾಂಪಿನ ಕಡೆಯಿಂದ ಬೆಳಗಿನ ಹೊತ್ತು ಟಪ್ ಟಪ್ ಎಂದು ಕೇಳಿದರೆ ಹೊಸಬರು ಬೆಚ್ಚುತ್ತಾರೆ. ನಾವು ಹಾಲು ಉಕ್ಕದ ಹಾಗೆ ನೋಡಿಕೊಳ್ಳುತ್ತೇವೆ. ಪಕ್ಕದ ಕಿತ್ತೂರಿನಲ್ಲಿ 1824ರ ಅಕ್ಟೋಬರ್ 23ರಂದು ಅಮಟೂರ ಬಾಳಪ್ಪ ಗುರಿಯಿಟ್ಟು ಥ್ಯಾಕರೆಯನ್ನು ಕೆಡವಿದ ಕಥೆಯನ್ನು ಎದೆಯುಬ್ಬಿಸಿ ಹೇಳುವ ಸೀಮೆ ನಮ್ಮದು. ಆ ರಾತ್ರಿ ಬಾಳಪ್ಪನ ಕಿವಿ ಎಷ್ಟು ಗುಂಯ್ಗುಟ್ಟಿತೋ, ಅವನ ಹೆಂಡತಿ ಯಾವ ಕಡೆ ಕೂತು ಊಟಕ್ಕೆ ಕರೆದಳೋ ಯಾವ ಲಾವಣಿಯಲ್ಲಿ ಹುಡುಕಲಿ?

ಇಂಥ ಊರಿನಲ್ಲಿ ಮೊಮ್ಮಗಳು ಬಂದೂಕು ಹಿಡಿದದ್ದು ಆಶ್ಚರ್ಯವಲ್ಲ. ಎರಡು ವರ್ಷ ಏರ್ ರೈಫಲ್ ಅಭ್ಯಾಸ ಮಾಡಿದಳು. ಅದು ಒತ್ತಿದ ಗಾಳಿಯಿಂದ ಹಾರುವ ಸಣ್ಣ ಗುಂಡು, ಸದ್ದು ಕಡಿಮೆ. ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. 2024ರ ಆಗಸ್ಟ್ 1ರಂದು ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ಸಿನಲ್ಲಿ 50 ಮೀಟರ್ ರೈಫಲ್ಲಿನ ಕಂಚು ಗೆದ್ದಾಗ ಮನೆಯಲ್ಲಿ ಕುಣಿದಾಡಿದಳು. ಕೊಲ್ಹಾಪುರ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ತೇಜಸ್ವಿನಿ ಸಾವಂತ, ರಾಹಿ ಸರನೋಬತ್ ಅಲ್ಲಿಯವರೇ. 2010ರಲ್ಲಿ ತೇಜಸ್ವಿನಿ ಮ್ಯೂನಿಕ್ಕಿನಲ್ಲಿ ವಿಶ್ವ ಚಾಂಪಿಯನ್ ಆದವಳು, ರಾಹಿ 2018ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ತಂದವಳು. ಅವರ ಚಿತ್ರಗಳು ಈ ಹುಡುಗಿಯ ಕಪಾಟಿನ ಬಾಗಿಲಿಗೆ ಅಂಟಿವೆ. "ಆಯಿ, ಮುಂದಿನ ತಿಂಗಳು ಕೊಲ್ಹಾಪುರಕ್ಕ ಶಿಬಿರಕ್ಕ ಹೊಂಟೇನಿ. ಈ ಸಲ .22" ಎಂದಳು.

.22 ಎಂದದ್ದೇ ನನ್ನ ಜೀರುಂಡೆ ಜೋರಾಗಿ ಕೂಗಿದ ಹಾಗಾಯಿತು.

ಅವಳಿಗೂ ಚಾಳೀಸು ಇದೆ. ನಮ್ಮ ಮನೆತನದ ಆಸ್ತಿ ಅದೊಂದೇ. ಶಿಬಿರಕ್ಕೆ ಹೋಗುವ ಮುಂಚೆ ಇಬ್ಬರೂ ಖಾನಾಪುರಕ್ಕೆ ಹೋಗಿದ್ದೆವು. ತಮ್ಮನ ಸಂಸಾರ ಅದೇ ಹಂಚಿನ ಮನೆಯಲ್ಲಿದೆ. ಹೊರಗೆ ಜಡಿಮಳೆ. ಅವಳು ತನ್ನ ಹೊಸ ಸಾಮಾನನ್ನೆಲ್ಲ ಪಡಸಾಲೆಯಲ್ಲಿ ಹರಡಿದಳು. ಹೆಲ್ಮೆಟ್ಟಿನ ಎರಡು ಕಿವಿಗಳನ್ನಷ್ಟೇ ಕಿತ್ತು ತಂದ ಹಾಗಿದ್ದ ಇಯರ್ ಮಫ್ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಚಾಳೀಸಿನ ದಪ್ಪ ಕಡ್ಡಿ ಮಫ್ಫಿನ ಮೆತ್ತೆಯ ಕೆಳಗೆ ತೂರಿತ್ತು. ಕಿವಿಯಲ್ಲಿ ಜುಮುಕಿ. ಮೇಲೆ ಜಡೆಯ ಕೂದಲು. ನೋಡಿದ ಕೂಡಲೇ ನನಗೆ ರಿಬ್ಬನ್ನು ನೆನಪಾಯಿತು.

ಹೆಣ್ಣುಮಕ್ಕಳ ಕಿವಿಯ ಮೇಲೆ ಎಷ್ಟು ಭಾರ ನೋಡಿ. ಓಲೆ, ಜುಮುಕಿ, ಸರಪಳಿ, ಮುಂಗುರುಳು, ಚಾಳೀಸಿನ ಕಡ್ಡಿ. ಕೊರೋನಾ ಬಂದಾಗ ಮಾಸ್ಕಿನ ದಾರವೂ ಅಲ್ಲಿಗೇ ಬಂತು. ಅವ್ವನ ಕಾಲದಲ್ಲಿ ಮೇಲ್ಗಿವಿಗೆ ಬುಗುಡಿ ಬೇರೆ. ಕಿವಿ ಇರುವುದೇ ಗೂಟದ ಕೆಲಸಕ್ಕೆ ಎಂದು ನಾವು ತಿಳಿದ ಹಾಗಿದೆ. ಕೇಳುವುದು ಅದರ ಉಪಕಸುಬು.

"ನಿನ್ನ ಸಾಮಾನಕ್ಕ ಪರೀಕ್ಷೆ ಮಾಡೂಣು" ಎಂದು ಅವಳನ್ನು ಅಡುಗೆಮನೆಗೆ ಕರೆದೆ. ತಮ್ಮನ ಹೆಂಡತಿ ಮಿಕ್ಸಿಯಲ್ಲಿ ಒಣಕೊಬ್ಬರಿ ಹಾಕಿಕೊಂಡು ನಿಂತಿದ್ದಳು. ಮಿಕ್ಸಿಯ ಸದ್ದು ಹೆಚ್ಚುಕಡಿಮೆ 85-90 ಡೆಸಿಬಲ್. .22 ರೈಫಲ್ಲಿನದು 140ರ ಆಸುಪಾಸು; ಸೈನ್ಯದ ದೊಡ್ಡ ಬಂದೂಕಿನದು 150 ದಾಟುತ್ತದೆ. ಲೆಕ್ಕ ನೋಡಿ ಮೋಸ ಹೋಗಬಾರದು, ಪ್ರತಿ 10 ಡೆಸಿಬಲ್ಲಿಗೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಗುಂಡಿನಂಥ ಸದ್ದು 140ನ್ನು ಮುಟ್ಟಿದರೆ ಒಂದೇ ಒಂದು ಸಲಕ್ಕೂ ಕಿವಿ ಕೆಡಬಹುದು. ಇದನ್ನೆಲ್ಲ ಡಾಕ್ಟರಮ್ಮ ನನಗೆ ಬರೆದುಕೊಟ್ಟಿದ್ದಳು. ನಾನು ಅಕ್ಕಿ ಡಬ್ಬಿಯ ಮುಚ್ಚಳದೊಳಗೆ ಇಟ್ಟುಕೊಂಡಿದ್ದೆ.

ಮೊದಲು ಬರೀ ಮಫ್. ಮಿಕ್ಸಿ ತಿರುಗಿತು. "ದೂರ ಹೋತು ಆಯಿ" ಎಂದಳು. ಆಮೇಲೆ ಚಾಳೀಸಿನ ಮೇಲೆ ಮಫ್. "ಅಯ್ಯ, ಬಂತು ಬಂತು!" ಮೆತ್ತೆಗೂ ಕೆನ್ನೆಗೂ ನಡುವೆ ಕಡ್ಡಿಯ ಹಿಂದೆ ಮುಂದೆ ಪೋಸ್ಟ್‌ಕಾರ್ಡು ತೂರುವಷ್ಟು ಸಂದಿ. ನೀರಿನ ಹಾಗೆ ಸದ್ದಿಗೂ ಅಷ್ಟು ಸಂದಿ ಸಾಕು. ಕಡ್ಡಿಯನ್ನು ಎರಡು ಬೆರಳಿನಿಂದ ಮೇಲಕ್ಕೆ ಎತ್ತಿದೆ, ಮಿಕ್ಸಿ ಮತ್ತೆ ದೂರ ಹೋಯಿತು. ಬಿಟ್ಟೆ, ಹತ್ತಿರ ಬಂತು. ಜುಮುಕಿ ತೆಗೆಸಿದೆ, ಕೂದಲನ್ನು ಹಿಂದಕ್ಕೆ ಎಳೆದು ಕಟ್ಟಿದೆ. ಸ್ವಲ್ಪ ಸುಧಾರಿಸಿತು. ಕೊಬ್ಬರಿ ಅಷ್ಟರಲ್ಲಿ ಎಣ್ಣೆ ಬಿಟ್ಟಿತ್ತು. "ವೈನಿ, ಇದು ಚಟ್ನಿಗೆ ಬರೂದಿಲ್ರಿ ಇನ್ನ" ಎಂದು ತಮ್ಮನ ಹೆಂಡತಿ ಗೊಣಗಿದಳು.

"ಹಂಗಾರ ಚಾಳೀಸು ತಗದು ಹೊಡೀತೇನಿ ಬಿಡು" ಎಂದಳು ಹುಡುಗಿ.

"ನಾ ಕಿವಿ ಬಿಟ್ಟು ಹೊಡದೆ, ನೀ ಕಣ್ಣು ಬಿಟ್ಟು ಹೊಡಿ" ಎಂದೆ. ನನ್ನ ಧ್ವನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತೆಂದು ಕಾಣುತ್ತದೆ, ಇಬ್ಬರೂ ನನ್ನ ಮುಖ ನೋಡಿದರು. ಆಗ ಹೇಳಿದೆ. ಅರಳೆ, ರಿಬ್ಬನ್ನು, ಹುಬ್ಬಿನ ಮೇಲೆ ಬಿದ್ದ ಕಾಡತೂಸು, ಧಾರವಾಡದವರು, ಜಮಖಾನೆ, ಎಲ್ಲ. ತಮ್ಮನ ಹೆಂಡತಿ ಮಿಕ್ಸಿಯ ಪ್ಲಗ್ಗು ಕಿತ್ತು ಅಲ್ಲೇ ಕೂತಳು. ಮಳೆಯ ಸದ್ದು ಹಂಚಿನ ಮೇಲೆ ಇತ್ತು ಎಂದು ಕಾಣುತ್ತದೆ. ನನಗೆ ಮಳೆ ಈಗ ಅಷ್ಟಾಗಿ ಕೇಳಿಸುವುದಿಲ್ಲ.

ಉಪಾಯ ದೊಡ್ಡದೇನಲ್ಲ. ಕಿವಿಯೊಳಗೆ ಮೊದಲು ಸ್ಪಂಜಿನ ಬೂಚು, ಅದರ ಮೇಲೆ ಚಾಳೀಸು, ಎಲ್ಲದರ ಮೇಲೆ ಮಫ್. ಬೂಚನ್ನು ಬೆರಳಲ್ಲಿ ಹೊಸೆದು ಬತ್ತಿಯಷ್ಟು ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಅದು ಉಬ್ಬಿ ಕೂರುವವರೆಗೆ ಮೂವತ್ತು ಎಣಿಸುತ್ತ ಹಿಡಿದಿರಬೇಕು. ಎದುರಿನಿಂದ ನೋಡಿದಾಗ ಬೂಚು ಕಂಡರೆ ಅದು ಒಳಗೆ ಹೋಗಿಲ್ಲವೆಂದೇ ಲೆಕ್ಕ. ಬತ್ತಿ ಹೊಸೆದ ಕೈಗಳಿಗೆ ಇದು ಕಷ್ಟವೇ! ಬೂಚು 20-30 ಡೆಸಿಬಲ್ ಇಳಿಸಿದರೆ, ಮಫ್ ಅಷ್ಟೇ ಇಳಿಸಿದರೆ, ಎರಡೂ ಸೇರಿ ಐವತ್ತು ಅರವತ್ತು ಆಗುವುದಿಲ್ಲ. ತಲೆಬುರುಡೆಯ ಮೂಲಕವೂ ಸದ್ದು ಒಳಗೆ ಬರುವುದರಿಂದ ಐದರಷ್ಟು ಮಾತ್ರ ಹೆಚ್ಚು ಸಿಗುತ್ತದೆ. ಆದರೆ ಚಾಳೀಸಿನ ಕಡ್ಡಿಯೋ ಬಂದೂಕಿನ ಹಿಂಬದಿಯೋ ತಾಗಿ ಮಫ್ ಸರಿದರೆ ಒಳಗಿನ ಬೂಚು ಕಾಯುತ್ತದೆ. ಚಾಳೀಸೂ ಬೇರೆ ಆಗಬೇಕು. ಕಡ್ಡಿ ತೆಳ್ಳಗೆ ಚಪ್ಪಟೆಯಾಗಿರಬೇಕು, ಗಾಜಿನ ಬದಲು ಪಾಲಿಕಾರ್ಬೊನೇಟ್. ಬೆಳಗಾವಿಗೆ ಬಂದು ಅವಳ ನಂಬರಿಗೆ ಒಂದು ಮಾಡಿಸಿದೆವು. ಎರಡು ಸೀರೆಯ ದುಡ್ಡು ಹೋಯಿತು. ಇಷ್ಟೆಲ್ಲ ಮಾಡುವ ಹೊತ್ತಿಗೆ ಅಳಿಯ "ಐವತ್ತು ಗುಂಡಿಗೆ ಏನಾಗ್ತದ್ರಿ ಅತ್ತಿ" ಎಂದ. ಐದಕ್ಕೆ ಏನಾಯಿತೆಂದು ಅವನ ಹೆಂಡತಿ ಅವನಿಗೆ ಹೇಳಿದಳು. ಹೋಳಿಗೆಯ ಲೆಕ್ಕವನ್ನೂ ಸೇರಿಸಿ.

ಆ ದಿನ ಖಾನಾಪುರದಲ್ಲಿ ಮೂರನ್ನೂ ಹಾಕಿಕೊಂಡು ಅವಳು ನಿಂತಾಗ ಮಿಕ್ಸಿ ಮತ್ತೆ ತಿರುಗಿತು. ಅವಳು ಖುಷಿಯಿಂದ ಕೈ ತಟ್ಟಿದಳು. ನಾನು ಏನೋ ಹೇಳಿದೆ. "ಆಯಿ, ನೀ ಬರೇ ಬಾಯಿ ತಗೀತಿ, ಧ್ವನೀನ ಇಲ್ಲ!" ಎಂದು ನಕ್ಕಳು. ಮತ್ತೆ ಹೇಳಿದೆ. ಮತ್ತೆ ನಕ್ಕಳು. ಮೂರನೆಯ ಸಲ ಹೇಳುವಾಗ ನಗು ನಿಂತಿತು. ಮಫ್ ತೆಗೆದು, ಬೂಚು ತೆಗೆದು, ನನ್ನ ಬಲಗಡೆಗೆ ಬಂದು ಕೂತಳು. ಆವತ್ತಿನಿಂದ ಬಲಗಡೆಗೇ ಕೂರುತ್ತಾಳೆ.

ಒಂದು ಅಂಜಿಕೆ ನನಗೆ ಉಳಿದಿತ್ತು. ಇಷ್ಟೆಲ್ಲ ಮುಚ್ಚಿಕೊಂಡ ಮೇಲೆ "ನಿಲ್ಲಿಸು" ಎಂದರೆ ಕೇಳುವುದು ಹೇಗೆ? ನಾನು ಅರಳೆ ಕಿತ್ತದ್ದೂ ಆಜ್ಞೆ ಕೇಳಲೆಂದೇ. ಅವಳ ತರಬೇತುದಾರರಿಗೆ ಫೋನು ಮಾಡಿಸಿದೆ. ಸೀಟಿಯೂ ಕೈಸನ್ನೆಯೂ ಇರುತ್ತದೆ, ಬಂದೂಕು ಮುಟ್ಟುವ ಮೊದಲೇ ಅದನ್ನು ಬಾಯಿಪಾಠ ಮಾಡಿಸುತ್ತೇವೆ ಎಂದರು. ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆಯ ನಿಯಮ ಪುಸ್ತಕವೇ ಕಿವಿಗೂ ಕಣ್ಣಿಗೂ ರಕ್ಷಣೆ ಹಾಕಿಕೊಳ್ಳಲು ಒತ್ತಿ ಹೇಳುತ್ತದಂತೆ. ಈ ಸ್ಪಂಜಿನ ಬೂಚು 1970ರ ದಶಕದ ಮೊದಲಲ್ಲೇ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತ್ತೆಂದು ಮೊಮ್ಮಗಳು ಓದಿ ಹೇಳಿದಳು. ನಾನು ಅರಳೆಯನ್ನು ಜೇಬಿಗೆ ಹಾಕಿದ ವರ್ಷ ಅದು ಜಗತ್ತಿನಲ್ಲಿ ಇತ್ತು.

ಶಿಬಿರದ ಎರಡನೆಯ ದಿನ ಸಂಜೆ ಫೋನು ಬಂತು. ಬಲಗಿವಿಗೆ ಹಿಡಿದೆ. ಎಷ್ಟು ಅಂಕ ಬಂತೆಂದು ಹೇಳಲೇ ಇಲ್ಲ. "ಆಯಿ, ನನ್ನ ಬಾಜೂಕಿನ ಹುಡುಗಿ ಅರಳಿ ಇಟ್ಕೊಂಡಿದ್ಲು. ಆಕೀಗೂ ಚಾಳೀಸು ಐತಿ. ನನ್ನ ಹತ್ರ ಇದ್ದ ಇನ್ನೊಂದು ಜೋಡಿ ಕೊಟ್ಟೆ, ಹಾಕೂದೂ ಕಲಿಸಿದೆ. ಉಳಿದವರು ನಮಗೂ ಬೇಕು ಅನ್ನಾಕತ್ಯಾರ. ಹನ್ನೊಂದು ಮಂದಿ ಅದೀವಿ. ಅಪ್ಪ ಭೇಟಿಗೆ ಬರೂ ಮುಂದ ಕಳಸ್ತೀಯೇನು?"

ಮರುದಿನ ರಿಕ್ಷಾ ಹಿಡಿದು ಉದ್ಯಮಬಾಗಕ್ಕೆ ಹೋದೆ. ಫೌಂಡ್ರಿಗಳಿಗೆ ಕೈಚೀಲ, ಬೂಟು, ಹೆಲ್ಮೆಟ್ಟು ಮಾರುವ ಅಂಗಡಿಗಳು ಅಲ್ಲಿವೆ. ಸೆರಗು ಹೊದ್ದ ಮುದುಕಿಯನ್ನು ನೋಡಿ ಅಂಗಡಿಯವ "ಯಾವ ಫೌಂಡ್ರೀರಿ?" ಎಂದ. "ಫೌಂಡ್ರಿ ಅಲ್ಲಪಾ, ಮೊಮ್ಮಗಳು" ಎಂದೆ. ಅವನಿಗೆ ಏನು ಅರ್ಥವಾಯಿತೋ, ಕಿತ್ತಳೆ ಬಣ್ಣದ ಬೂಚುಗಳ ಜೋಡಿಗಳನ್ನು ಎಣಿಸಿ ಎಣಿಸಿ ಹಾಳೆಯ ಚೀಲಕ್ಕೆ ಹಾಕತೊಡಗಿದ. ಹನ್ನೆರಡಾದ ಮೇಲೆ ತಲೆಯೆತ್ತಿ ನನ್ನ ಎಡಗಡೆಯಿಂದ ಏನೋ ಕೇಳಿದ. "ಹಾಕಲ್ರೀ?" ಎಂದು ಕೇಳಿಸಿತು.

"ಹಾಕಪಾ" ಎಂದೆ.

ಅವನು ನನ್ನನ್ನು ಒಂದು ಸಲ ನೋಡಿ, ಇಡೀ ಡಬ್ಬಿಯನ್ನೇ ಚೀಲಕ್ಕೆ ಇಳಿಸಿದ. ಅದರ ಮೇಲೆ ಬರೆದಿತ್ತು, ಒಳಗೆ ನೂರು ಜೋಡಿ. ತಿರುಗಿ ಕೊಡಲು ಹೋಗಲಿಲ್ಲ.